ಹಿಂಡಿ ಹಾಕಿದಷ್ಟೂ ಹಾಲು ಗಟ್ಟಿಯಾಗುತ್ತದಾ?

ಚಿಕ್ಕಪ್ಪ (ಫಾರ್ವರ್ಡ್): ಹಸುವಿಗೆ ಹಿಂಡಿ ಹಾಕಿದಷ್ಟೂ ಹಾಲು ಗಟ್ಟಿ. ಹುಲ್ಲು ಬರೀ ಹೊಟ್ಟೆ ತುಂಬಿಸುವುದಕ್ಕೆ. ಹಾಲು ಹಳದಿಯಾಗಿದ್ದರೆ ಬಣ್ಣ ಬೆರೆಸಿದ್ದಾರೆ ಎಂದೇ ಅರ್ಥ. ಎಲ್ಲರಿಗೂ ಕಳಿಸಿ.

ಅತ್ತೆ: ಅಯ್ಯೋ, ನಮ್ಮ ಮನೆಗೆ ಬರುವ ಹಾಲೂ ಹಳದಿಯೇ. ನಾಳೆಯಿಂದ ಬೇಡ ಅಂತ ಹೇಳಿಬಿಡಲಾ?

ನಾನು: ಸುಮ್ನೆ ಹೆದರಬೇಡಿ ಅತ್ತೆ. ಹಸಿರು ಮೇವಿನಲ್ಲಿ ಬೀಟಾ ಕ್ಯಾರೋಟಿನ್ ಎಂಬ ಬಣ್ಣದ ಅಂಶ ಇರುತ್ತದೆ. ಹಸುವಿನ ಹಾಲಿನ ಕೊಬ್ಬಿಗೆ ಹಳದಿ ಬರುವುದು ಅದರಿಂದಲೇ. ಎಮ್ಮೆ ಅದನ್ನು ಎ ವಿಟಮಿನ್ ಮಾಡಿಕೊಳ್ಳುತ್ತದೆ, ಅದಕ್ಕೇ ಎಮ್ಮೆ ಹಾಲು ಬೆಳ್ಳಗೆ.

ಚಿಕ್ಕಪ್ಪ: ಬಣ್ಣದ ಮಾತು ಬಿಡಮ್ಮ. ಹಿಂಡಿ ಹೆಚ್ಚಿಸಿದರೆ ಹಾಲು ಹೆಚ್ಚುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಾನು: ಹೆಚ್ಚುತ್ತದೆ ಚಿಕ್ಕಪ್ಪ, ಒಂದು ಮಟ್ಟದವರೆಗೆ. ಗಟ್ಟಿಯಾಗುವುದು ಬೇರೆ ಮಾತು. ಹುಲ್ಲಿನ ನಾರು ಹಸುವಿನ ಹೊಟ್ಟೆಯಲ್ಲಿ ಹುದುಗು ಬಂದು ಅಸಿಟಿಕ್ ಆಮ್ಲ ಆಗುತ್ತದೆ. ಹಾಲಿನ ಕೊಬ್ಬಿನಲ್ಲಿ ಸುಮಾರು ಅರ್ಧ ಕೆಚ್ಚಲಿನಲ್ಲೇ ತಯಾರಾಗುತ್ತದೆ, ಮುಖ್ಯವಾಗಿ ಇದರಿಂದ. ಹುಲ್ಲು ಕಡಿಮೆ ಮಾಡಿ ಹಿಂಡಿ, ಜೋಳದ ನುಚ್ಚು ಸುರಿದರೆ ಮೆಲುಕು ಕಡಿಮೆ, ಜೊಲ್ಲು ಕಡಿಮೆ, ಹೊಟ್ಟೆಯಲ್ಲಿ ಹುಳಿ ಜಾಸ್ತಿ. ಫ್ಯಾಟ್, ಅಂದರೆ ಹಾಲಿನ ಕೊಬ್ಬು, ಇಳಿದುಬಿಡುತ್ತದೆ.

ಅಣ್ಣ: ನಮ್ಮ ಕೊಟ್ಟಿಗೆಯಲ್ಲಿ ಆಗಿದ್ದೂ ಇದೇ. ಹಾಲು ಲೀಟರ್‌ಗಟ್ಟಲೆ ಬಂತು, ಫ್ಯಾಟ್ ಬಿತ್ತು. ಡಾಕ್ಟರು ಒಣಹುಲ್ಲು ಹೆಚ್ಚಿಸಲು ಹೇಳಿದರು. ಕೆಲವು ವಾರದಲ್ಲಿ ಸರಿಹೋಯಿತು.

ಅತ್ತೆ: ಹಾಗಾದರೆ ಹಿಂಡಿ ಹಾಕುವುದೇ ತಪ್ಪಾ?

ನಾನು: ತಪ್ಪಲ್ಲ ಅತ್ತೆ. ಕರೆಯುವ ಹಸುವಿಗೆ ಪ್ರೋಟೀನ್ ಬೇಕೇ ಬೇಕು. ನನಗೆ ಹೆದರಿಕೆ ಬೂಷ್ಟು ಹಿಡಿದ ಹಿಂಡಿಯದು. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ಒದ್ದೆಯಾದರೆ ಅಫ್ಲಟಾಕ್ಸಿನ್ ಬಿ1 ಎಂಬ ವಿಷ ಸೇರಬಹುದು. ಹಸು ತಿಂದ ಒಂದು ದಿನದೊಳಗೆ ಅದು ಎಂ1 ಎಂಬ ಇನ್ನೊಂದು ರೂಪದ ವಿಷವಾಗಿ ಹಾಲಿಗೆ ಇಳಿಯುತ್ತದೆ.

ಚಿಕ್ಕಪ್ಪ: ಹಾಲು ಕಾಯಿಸಿಯೇ ಕುಡಿಯುತ್ತೇವೆ ಅಲ್ವಾ?

ನಾನು: ಕಾಯಿಸಿದರೆ ಅದು ಹೋಗುವುದಿಲ್ಲ ಚಿಕ್ಕಪ್ಪ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಮಕ್ಕಳು ಕುಡಿಯುವ ಹಾಲು ಅದು. ಮೂಟೆಯನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಬೇಕು. ಬೂಷ್ಟು ಕಂಡರೆ ‘ದನಕ್ಕೆ ತಾನೇ’ ಅಂತ ಹಾಕಲೇಬಾರದು.

ಅಣ್ಣ: ಮಳೆಗಾಲದಲ್ಲಿ ನಾವು ಮೇಲಿನ ಪದರ ಕೆರೆದು ಉಳಿದದ್ದು ಹಾಕುತ್ತಿದ್ದೆವು.

ನಾನು: ಬೇಡ ಅಣ್ಣ. ಕಣ್ಣಿಗೆ ಕಾಣದ ಕಡೆಯೂ ವಿಷ ಇರಬಹುದು.

ಚಿಕ್ಕಪ್ಪ: ಹಿಂಡಿ ಲೆಕ್ಕ ನಾನಿನ್ನೂ ಪೂರ್ತಿ ಒಪ್ಪಿಲ್ಲ, ಮನೆಗೆ ಬಂದಾಗ ಮಾತಾಡೋಣ. ಹಳದಿಯ ಮಾತು ತಪ್ಪೇ. ಇದನ್ನು ಇನ್ನೆರಡು ಗುಂಪಿಗೂ ಹಾಕಿದ್ದೆ, ಅಳಿಸುತ್ತೇನೆ. ಬೂಷ್ಟಿನ ವಿಷಯ ನಾಲ್ಕು ಸಾಲು ಬರೆದು ಕೊಡು, ಅಲ್ಲಿ ಅದನ್ನೇ ಹಾಕುತ್ತೇನೆ.