ಹಳೇ ಆಯಿಲ್ ಫರ್ನೇಸ್ ಬದಲಾಯಿಸಬೇಕು, ಎಷ್ಟು ದೊಡ್ಡದು ಹಾಕಿಸಲಿ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಮ್ಯಾಸಚೂಸೆಟ್ಸ್‌ನ ವುಸ್ಟರ್ ಹತ್ತಿರ. 1,900 ಚದರ ಅಡಿಯ ಹಳೇ ಮನೆ. ಬೇಸ್‌ಮೆಂಟ್‌ನಲ್ಲಿ ಎಣ್ಣೆ ಉರಿಸಿ ಮನೆಗೆಲ್ಲ ಬಿಸಿಗಾಳಿ ಕಳಿಸುವ ಆಯಿಲ್ ಫರ್ನೇಸ್‌ಗೆ 30 ವರ್ಷ ಆಗಿದೆ. ಈ ಸಲ ಸರ್ವಿಸ್‌ಗೆ ಬಂದವರು, ಒಳಗಿನ ಹೀಟ್ ಎಕ್ಸ್‌ಚೇಂಜರ್ (ಬೆಂಕಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗ) ತುಕ್ಕು ಹಿಡಿದು ತೆಳುವಾಗಿದೆ, ಮುಂದಿನ ಚಳಿಗಾಲಕ್ಕೆ ಇದನ್ನು ನಂಬಬೇಡಿ ಅಂದರು. ಇಬ್ಬರಿಂದ ಕೊಟೇಶನ್ ತೆಗೆದುಕೊಂಡೆ. ಈಗಿನದರ ಮೇಲೆ ಔಟ್‌ಪುಟ್ ಗಂಟೆಗೆ 112,000 ಬಿಟಿಯು (ಶಾಖದ ಅಳತೆ) ಎಂದಿದೆ. ಒಬ್ಬರು ಅಷ್ಟೇ ಸೈಜ್ ಹಾಕೋಣ ಅಂದರು. ಇನ್ನೊಬ್ಬರು, ಚಳಿ ಪ್ರದೇಶ, 125,000ದ್ದೇ ಇರಲಿ ಅಂದರು. ಇಬ್ಬರೂ ಮಹಡಿ ಹತ್ತಿ ನೋಡಲೇ ಇಲ್ಲ. ಊರಿಂದ ಮಾವನವರು ಬಂದಿದ್ದಾರೆ, ಅವರಿಗೆ ಚಳಿ ತಡೆಯುವುದಿಲ್ಲ. ಬಿಸಿಗಾಳಿ ರಪ್ಪನೆ ಬರುತ್ತದೆ, ಆರೇಳು ನಿಮಿಷಕ್ಕೆ ನಿಂತುಹೋಗುತ್ತದೆ, ಮತ್ತೆ ಕಾಲು ತಣ್ಣಗಾಗುತ್ತದೆ ಅಂತಾರೆ. ದೊಡ್ಡದೇ ಹಾಕಿಸಿಬಿಡಲಾ?

ಉತ್ತರ: ನಮಸ್ಕಾರ ಮೇಡಂ. ದಯವಿಟ್ಟು ಬೇಡ. ಮಾವನವರು ಹೇಳಿದ ಮಾತಿನಲ್ಲೇ ಉತ್ತರ ಇದೆ. ರಪ್ಪನೆ ಬಂದು ಬೇಗ ನಿಲ್ಲುವುದು ಫರ್ನೇಸ್ ಚಿಕ್ಕದಾದಾಗ ಅಲ್ಲ, ಮನೆಗೆ ತೀರಾ ದೊಡ್ಡದಾದಾಗ.

ಸೈಜ್‌ಗೂ ಮೊದಲು ಒಂದು ಕೆಲಸ. ಎಕ್ಸ್‌ಚೇಂಜರ್ ತೂತು ಬಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ನೀವು ಉಸಿರಾಡುವ ಗಾಳಿಗೆ ಸೇರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇವತ್ತೇ ಪ್ರತಿ ಮಹಡಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒತ್ತಿ ನೋಡಿ. ಮಾವನವರು ಮಲಗುವ ಕೋಣೆಯ ಹತ್ತಿರ ಒಂದು ಇರಲೇಬೇಕು. ಅಲಾರಂ ಹೊಡೆದುಕೊಂಡರೆ ಎಲ್ಲರೂ ಹೊರಗೆ ಬಂದು 911ಕ್ಕೆ ಫೋನ್ ಮಾಡಿ.

ಈಗ ಸೈಜ್. ಕಟ್ಟಿಗೆ ಒಲೆ ನೆನಪು ಮಾಡಿಕೊಳ್ಳಿ. ಹೊತ್ತಿಸುವಾಗ ಹೊಗೆ, ಹತ್ತಿಕೊಂಡ ಮೇಲೆ ನಿಗಿನಿಗಿ ಉರಿ. ಆಯಿಲ್ ಬರ್ನರ್ ಕೂಡ ಹಾಗೇ. ಮಸಿ ಜಾಸ್ತಿ ಕಟ್ಟುವುದು ಹೊತ್ತುವಾಗ ಮತ್ತು ಆರುವಾಗ. ದೊಡ್ಡ ಫರ್ನೇಸ್ ಐದಾರು ನಿಮಿಷ ಉರಿದು ಆರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತುತ್ತದೆ. ಪ್ರತಿ ಸಲವೂ ಕಬ್ಬಿಣ ಕಾದು ತಣಿಯುತ್ತದೆ. ಎಣ್ಣೆ ಕುಡಿಯುತ್ತದೆ, ಮನೆ ಮಾತ್ರ ಸಮನಾಗಿ ಬಿಸಿಯಾಗುವುದಿಲ್ಲ. ನಾನು ಬಿಚ್ಚಿ ನೋಡಿರುವ ಹಳೇ ಫರ್ನೇಸ್‌ಗಳಲ್ಲಿ ಹೆಚ್ಚಿನವು ಹೀಗೇ ಬಳಲಿದಂಥವು.

ಹಳೇ ಲೇಬಲ್ ನೋಡಿ ಹೊಸದು ತರಬಾರದು, ಮನೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅಂತ ಅಳೆಯಬೇಕು. ಕಿಟಕಿ, ಗೋಡೆ, ಅಟ್ಟದ ಇನ್ಸುಲೇಷನ್ ಎಲ್ಲಾ ಹಿಡಿದು ಮಾಡುವ ಆ ಲೆಕ್ಕಕ್ಕೆ ಇಲ್ಲಿ ಮ್ಯಾನುಯಲ್ ಜೆ ಅಂತಾರೆ. ಕಾಂಟ್ರಾಕ್ಟರ್ ಹತ್ತಿರ ಅದನ್ನು ಬರವಣಿಗೆಯಲ್ಲಿ ಕೇಳಿ. ಅಷ್ಟರಲ್ಲಿ ನೀವೇ ಒಂದು ಪರೀಕ್ಷೆ ಮಾಡಬಹುದು. ಹೊರಗೆ 5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವ ರಾತ್ರಿ ಥರ್ಮೋಸ್ಟಾಟ್ 70ರಲ್ಲೇ ಇಡಿ, ಕಡಿಮೆ ಮಾಡಬೇಡಿ. ಬೆಳಗಿನ ಜಾವ ಬೇಸ್‌ಮೆಂಟ್‌ನಲ್ಲಿ ಕೂತು, ಬರ್ನರ್ ಗುರ್ ಎಂದು ಶುರುವಾಗಿದ್ದು, ನಿಂತಿದ್ದು ಬರೆದುಕೊಳ್ಳಿ. ಫ್ಯಾನ್ ಸದ್ದು ಅಲ್ಲ, ಬೆಂಕಿಯ ಸದ್ದು. ಜೊತೆಗೆ, ಫರ್ನೇಸ್‌ಗೆ ನೇತುಹಾಕಿರುವ ಸರ್ವಿಸ್ ಚೀಟಿಯಲ್ಲಿ ನಾಝಲ್ (ಎಣ್ಣೆ ಸಿಂಪಡಿಸುವ ಮೂತಿ) ಸೈಜ್ ಏನಿದೆ, ಕಳೆದ ವರ್ಷ ಎಷ್ಟು ಗ್ಯಾಲನ್ ಎಣ್ಣೆ ಹಾಕಿಸಿದಿರಿ, ತಿಳಿಸಿ.

ಪ್ರಶ್ನೆ: ಸರ್, ನಿನ್ನೆ ರಾತ್ರಿ 6 ಡಿಗ್ರಿ ಇತ್ತು. ನಮ್ಮೆಜಮಾನರು ಕಂಬಳಿ ಹೊದ್ದು 1 ಗಂಟೆಯಿಂದ 6ರವರೆಗೆ ಕೂತಿದ್ದರು. ಐದು ಗಂಟೆಯಲ್ಲಿ 17 ಸಲ ಹೊತ್ತಿತು. ಉರಿದಿದ್ದು ಒಟ್ಟು 108 ನಿಮಿಷ. ಚೀಟಿಯಲ್ಲಿ ನಾಝಲ್ 1.00 ಎಂದಿದೆ. ಕಳೆದ ವರ್ಷ 900 ಗ್ಯಾಲನ್. ಸ್ನಾನದ ನೀರಿಗೆ ಬೇರೆ ಕರೆಂಟ್ ಹೀಟರ್ ಇದೆ.

ಉತ್ತರ: ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ತುಂಬಾ ಚೆನ್ನಾಗಿ ಮಾಡಿದ್ದಾರೆ.

1.00 ನಾಝಲ್ ಅಂದರೆ ಗಂಟೆಗೆ ಒಂದು ಗ್ಯಾಲನ್. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 138,500 ಬಿಟಿಯು ಶಾಖ. ಅದರಲ್ಲಿ ನೂರಕ್ಕೆ 80 ಮನೆಗೆ ಬಂದರೆ ನಿಮ್ಮ ಲೇಬಲ್ಲಿನ 112,000ಕ್ಕೆ ಹತ್ತಿರವೇ ಆಯಿತು. ಐದು ಗಂಟೆಗೆ 108 ನಿಮಿಷ ಅಂದರೆ ಗಂಟೆಗೆ ಇಪ್ಪತ್ತೊಂದೂವರೆ ನಿಮಿಷ. ಹಾಗಾದರೆ 6 ಡಿಗ್ರಿ ಚಳಿಯಲ್ಲೂ ನಿಮ್ಮ ಮನೆ ಕೇಳಿದ್ದು ಗಂಟೆಗೆ ಸುಮಾರು 40,000 ಬಿಟಿಯು ಮಾತ್ರ. 900 ಗ್ಯಾಲನ್ ಹಿಡಿದು ಬೇರೆ ದಾರಿಯಲ್ಲಿ ಲೆಕ್ಕ ಹಾಕಿದೆ, 39,000 ಬಂತು. ಎರಡೂ ಹೊಂದುತ್ತವೆ.

ಈಗಿರುವುದೇ ಎರಡೂಮುಕ್ಕಾಲು ಪಟ್ಟು ದೊಡ್ಡದು! 125,000 ಹಾಕಿಸಿದ್ದರೆ ಮಾವನವರ ಕಷ್ಟ ಇನ್ನೂ ಜಾಸ್ತಿಯಾಗುತ್ತಿತ್ತು.

ಅಗತ್ಯಕ್ಕಿಂತ ನೂರಕ್ಕೆ 40ರಷ್ಟು ಹೆಚ್ಚು ಇಟ್ಟುಕೊಳ್ಳುವುದು ಈ ಕೆಲಸದಲ್ಲಿ ಒಪ್ಪಿರುವ ಮಿತಿ. ನಿಮಗೆ 56,000 ಆಗುತ್ತದೆ. ಆಯಿಲ್ ಫರ್ನೇಸ್‌ಗಳಲ್ಲಿ ಇದಕ್ಕಿಂತ ಚಿಕ್ಕದು ಸಿಗುವುದೇ ಕಷ್ಟ. 0.50 ನಾಝಲ್ ಇರುವ, 58,000 ಆಸುಪಾಸು ಕೊಡುವ ಮಾಡೆಲ್ ಕೇಳಿ. ಭಯ ಬೇಡ. 2023ರ ಫೆಬ್ರವರಿ 4ರಂದು ಬಾಸ್ಟನ್‌ನಲ್ಲೇ ಮೈನಸ್ 10ಕ್ಕೆ ಇಳಿದಿತ್ತು. ನಿಮ್ಮಲ್ಲಿ ಮೈನಸ್ 15 ಆದರೂ ಮನೆಗೆ ಬೇಕಾಗುವುದು 54,000ದ ಒಳಗೇ. ಅಂಥ ರಾತ್ರಿ ಅದು ಹೆಚ್ಚುಕಡಿಮೆ ನಿಲ್ಲದೆ ಓಡುತ್ತದೆ. ಓಡಲಿ, ಅದಕ್ಕೇ ಇರುವುದು. ಗಾಳಿ ಸಣ್ಣಗೆ, ಬಹಳ ಹೊತ್ತು ಬರುತ್ತದೆ, ಮಾವನವರ ಕಾಲು ಬೆಚ್ಚಗಿರುತ್ತದೆ. ಒಂದು ಎಚ್ಚರ: ಚಿಕ್ಕ ನಾಝಲ್‌ನ ತೂತು ಕೂದಲೆಳೆಯಷ್ಟು, ಕಸ ಬಂದರೆ ಕಟ್ಟಿಕೊಳ್ಳುತ್ತದೆ. ಟ್ಯಾಂಕ್‌ನಿಂದ ಬರುವ ಲೈನಿಗೆ ಒಳ್ಳೆಯ ಫಿಲ್ಟರ್ ಹಾಕಿಸಿ, ಪ್ರತಿ ವರ್ಷ ಬದಲಾಯಿಸಿ.

ಪ್ರಶ್ನೆ: ಒಬ್ಬರು ನೂರಕ್ಕೆ 85 ದಕ್ಷತೆಯದ್ದು ಹೇಳಿದ್ದಾರೆ, ಇನ್ನೊಬ್ಬರು 95ರದ್ದು. 95ರದ್ದಕ್ಕೆ ರೇಟ್ ಬಹಳ ಜಾಸ್ತಿ. ಯಾವುದು ಸರ್?

ಉತ್ತರ: ನನ್ನ ಮನೆಗಾದರೆ 85ರದ್ದೇ. 2013ರಿಂದ ಕಾನೂನಿನ ಕನಿಷ್ಠ ಮಿತಿ 83, ಅದಕ್ಕಿಂತ ಮೇಲೇ ಇದೆ. 95ರದ್ದು ಹೊಗೆಯಲ್ಲಿರುವ ನೀರಿನ ಹಬೆಯನ್ನೂ ತಣಿಸಿ ಶಾಖ ತೆಗೆಯುತ್ತದೆ. ಆ ನೀರು ಆಮ್ಲ, ಅದಕ್ಕೆ ಬೇರೆ ಡ್ರೈನ್ ಬೇಕು. ಅದನ್ನು ಸರಿಯಾಗಿ ರಿಪೇರಿ ಮಾಡುವವರು ಕಡಿಮೆ. ಜನವರಿ ರಾತ್ರಿ ಕೆಟ್ಟರೆ ಯಾರು ಬರುತ್ತಾರೆ ಅನ್ನುವುದು ದೊಡ್ಡ ಪ್ರಶ್ನೆ. ಉಳಿದ ದುಡ್ಡಲ್ಲಿ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿ.

ಇಸಿಎಂ ಮೋಟರ್ (ವೇಗವನ್ನು ತಾನೇ ಹೊಂದಿಸಿಕೊಳ್ಳುವ ಮೋಟರ್) ಇರುವ ಫ್ಯಾನ್ ಮಾತ್ರ ಬಿಡಬೇಡಿ. ಸದ್ದು ಕಡಿಮೆ, ಕರೆಂಟ್ ಕಡಿಮೆ. ಎಸಿ ಕಾಯಿಲ್ ಫರ್ನೇಸ್ ಮೇಲೆ ಕೂತಿದ್ದರೆ, ಬೇಸಿಗೆಗೆ ಬೇಕಾದಷ್ಟು ಗಾಳಿ ಆ ಫ್ಯಾನ್ ತಳ್ಳುತ್ತದಾ ಕೇಳಿ. ಒಂದು ಟನ್ ಎಸಿಗೆ ನಿಮಿಷಕ್ಕೆ 400 ಘನ ಅಡಿ ಅಂತ ಲೆಕ್ಕ. ಚಿಮ್ನಿಯನ್ನೂ ನೋಡಿಸಿ. ಚಿಕ್ಕ ಉರಿಯ ಹೊಗೆ ಹಳೇ ಇಟ್ಟಿಗೆ ಚಿಮ್ನಿಯಲ್ಲಿ ಬೇಗ ತಣ್ಣಗಾಗಿ ನೀರಾಗುತ್ತದೆ, ಗಾರೆ ತಿನ್ನುತ್ತದೆ. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಬೇಕಾಗಬಹುದು. ಕೊಟೇಶನ್‌ನಲ್ಲಿ ಅದು ಇಲ್ಲದಿದ್ದರೆ ಆಮೇಲೆ ಬಿಲ್ ಬೆಳೆಯುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ಈಗ ಎಲ್ಲರೂ ಹೊರಗಿನ ಗಾಳಿಯ ಶಾಖವನ್ನು ಕರೆಂಟ್‌ನಿಂದ ಒಳಗೆ ತರುವ ಹೀಟ್ ಪಂಪ್ ಅಂತಾರಲ್ವಾ? ಎಣ್ಣೆ ಯಾಕೆ?

ಉತ್ತರ: ನ್ಯಾಯವಾದ ಮಾತು. ಮ್ಯಾಸ್ ಸೇವ್ ಅನ್ನುವ ಮ್ಯಾಸಚೂಸೆಟ್ಸ್‌ನ ಇಂಧನ ಉಳಿತಾಯ ಯೋಜನೆಯವರು ಹೀಟ್ ಪಂಪ್‌ಗೆ ರಿಬೇಟ್ ಕೊಡುತ್ತಾರೆ, ಮನೆ ತಪಾಸಣೆಯನ್ನೂ ಪುಕ್ಕಟೆ ಮಾಡುತ್ತಾರೆ. ಮೇಡಂ, ಆ ಕೊಟೇಶನ್ ಒಂದು ತರಿಸಿಯೇ ನಿರ್ಧಾರ ಮಾಡಿ. 40,000 ಅನ್ನುವ ನಿಮ್ಮ ಲೆಕ್ಕ ಅವರಿಗೂ ತೋರಿಸಿ, ಅಲ್ಲಿಯೂ ಅದೇ ಲೆಕ್ಕ ಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಹೊಸದು ಬರುವವರೆಗೆ ಇದು ಮಧ್ಯೆ ನಿಂತುಬಿಟ್ಟರೆ ಕೆಂಪು ರೀಸೆಟ್ ಗುಂಡಿ ಒತ್ತಬಹುದಾ?

ಉತ್ತರ: ಒಂದೇ ಸಲ. ಹೊತ್ತಲಿಲ್ಲ ಅಂದರೆ ಮತ್ತೆ ಮುಟ್ಟಬೇಡಿ. ಒತ್ತಿದ ಪ್ರತಿ ಸಲವೂ ಉರಿಯದ ಎಣ್ಣೆ ಒಳಗೆ ಸೇರುತ್ತದೆ, ಆಮೇಲೆ ಒಮ್ಮೆಲೇ ಹೊತ್ತಿಕೊಂಡರೆ ಅಪಾಯ. ಮೆಟ್ಟಿಲ ಮೇಲಿರುವ ಕೆಂಪು ಸ್ವಿಚ್ ಆರಿಸಿ, ಸರ್ವಿಸ್‌ನವರನ್ನು ಕರೆಯಿರಿ. ಎಷ್ಟು ಸಲ ಒತ್ತಿದಿರಿ ಅಂತ ಅವರಿಗೆ ಮರೆಯದೆ ಹೇಳಿ.