ಮೈಟಾಸಿಸ್ ಮಿಯಾಸಿಸ್ ಮಗಳ ತಲೆಗೆ ಹೋಗ್ತಿಲ್ಲ, ಅನುಭವ ಇರೋರು ಹೇಳಿ

ತಿಪಟೂರು ಅಪ್ಪ
ಎಲ್ರಿಗೂ ನಮಸ್ಕಾರ. ಮಗಳು ಎಸ್‌ಎಸ್‌ಎಲ್‌ಸಿವರೆಗೂ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯು ಸೈನ್ಸು. ಸೆಲ್ ಡಿವಿಷನ್, ಅಂದ್ರೆ ಜೀವಕೋಶ ಒಡೆದು ಎರಡಾಗೋ ಪಾಠದಲ್ಲಿ ಸಿಕ್ಕಾಕೊಂಡು ಕೂತಿದಾಳೆ. ಮೈಟಾಸಿಸ್ ಅಂದ್ರೆ ಮಾಮೂಲಿ ಡಿವಿಷನ್, ಕ್ರೋಮೋಸೋಮ್ ಅನ್ನೋ ಡಿಎನ್‌ಎ ದಾರಗಳು ಹೊಸ ಸೆಲ್ಲಲ್ಲೂ ಅಷ್ಟೇ ಇರತ್ತಂತೆ; ಮಿಯಾಸಿಸ್ ಅಂದ್ರೆ ಅಂಡಾಣು ವೀರ್ಯಾಣು ಆಗುವಾಗಿನ ಡಿವಿಷನ್, ಅದ್ರಲ್ಲಿ ಅರ್ಧ ಆಗತ್ತಂತೆ. ಈರುಳ್ಳಿ ಬೇರಿನ ಸೆಲ್ಲಲ್ಲಿ 16 ಕ್ರೋಮೋಸೋಮ್, ಡಿವಿಷನ್‌ಗೆ ಮುಂಚೆ ಎಸ್ ಫೇಸ್ ಅನ್ನೋ ಹಂತದಲ್ಲಿ ಡಿಎನ್‌ಎ ಡಬಲ್ ಆಗತ್ತಂತೆ, ಹಂಗಾದ್ರೆ 32 ಆಗ್ಬೇಕಲ್ಲ, ಆಮೇಲೂ 16 ಅಂತಾನೇ ಯಾಕೆ ಬರೀಬೇಕು ಅಂತ ಅವಳ ಪ್ರಶ್ನೆ. ನಾನು ಕೊಬ್ಬರಿ ಮಂಡೀಲಿ ಲೆಕ್ಕ ಬರೆಯೋನು, ನಂಗೇನು ಗೊತ್ತು. ಟ್ಯೂಷನ್‌ಗೆ ಹಾಕ್ಲಾ, ಮೈಕ್ರೋಸ್ಕೋಪ್ ಕೊಡಿಸ್ಲಾ? ಕೈಲಿರೋದು 5 ಸಾವಿರ.

ಮಂಡ್ಯದಕ್ಕ
ಟ್ಯೂಷನ್ ಸುದ್ದಿಗೇ ಹೋಗ್ಬೇಡಿ ಅಣ್ಣ. ನನ್ ಮಗನ್ನ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕಿದ್ವಿ, ಫೀಸು 1 ಲಕ್ಷ 10 ಸಾವಿರ, ಹಾಸ್ಟೆಲ್ 72 ಸಾವಿರ, ಮೆಟೀರಿಯಲ್ ಅಂತ 6,500, ಟೆಸ್ಟ್ ಸೀರೀಸ್ ಅಂತ ಮತ್ತೆ 4 ಸಾವಿರ, ಸೊಳ್ಳೆಪರದೆ ಕೂಡ ಅವ್ರತ್ರಾನೇ ತಗೋಬೇಕಿತ್ತು 450. ಅಷ್ಟು ಕೊಟ್ರೂ ಇಡೀ ಸೆಲ್ ಡಿವಿಷನ್‌ನ ಒಂದೂವರೆ ದಿನದಲ್ಲಿ ಮುಗಿಸಿ ಕೈ ತೊಳ್ಕೊಂಡ್ರು. ಇವನು ಲೆಪ್ಟೋಟೀನ್ ಜೈಗೋಟೀನ್ ಪ್ಯಾಕಿಟೀನ್ ಡಿಪ್ಲೋಟೀನ್ ಡಯಾಕಿನೆಸಿಸ್ ಅಂತ ಮಿಯಾಸಿಸ್ ಶುರುವಿನ ಹಂತಗಳ ಹೆಸರು ನಿದ್ದೇಲೂ ಹೇಳೋನು, ವಿಷ್ಣು ಸಹಸ್ರನಾಮ ಹೇಳ್ದಂಗೆ. ಕ್ರಾಸಿಂಗ್ ಓವರ್ ಯಾವಾಗೋ ಅಂದ್ರೆ ಟಕ್ ಅಂತ ಪ್ಯಾಕಿಟೀನ್ ಅನ್ನೋನು, ಏನೋ ಅದು ಕ್ರಾಸ್ ಆಗೋದು ಅಂದ್ರೆ ನನ್ನ ಮುಖ ನೋಡೋನು. ಈಗ ಬಿಕಾಂ ಓದ್ತಿದಾನೆ, ಹೊಟ್ಟೆ ತುಂಬ ಊಟ ಮಾಡ್ತಾನೆ.

ಈರುಳ್ಳಿ ಮೇಷ್ಟ್ರು
31 ವರ್ಷ ಪಿಯು ಮಕ್ಕಳಿಗೆ ಬಯಾಲಜಿ ಹೇಳಿದೀನಿ, ರಿಟೈರ್ ಆಗಿದೀನಿ. ಸ್ಲೈಡ್ ಮಾಡದೆ ಈ ಪಾಠ ಮಾಡೋದು ಅಂದ್ರೆ ಅಡುಗೆ ಮಾಡದೆ ರುಚಿ ವರ್ಣಿಸಿದಂಗೆ. ಈರುಳ್ಳಿ ಬುಡದ ಒಣ ಬೇರನ್ನ ಬ್ಲೇಡಲ್ಲಿ ಹೆರೆದು, ನೀರು ತುಂಬಿದ ಲೋಟದ ಬಾಯಿ ಮೇಲೆ ಬುಡ ಮಾತ್ರ ತಾಗೋ ಹಂಗೆ ಕೂರಿಸಿ, ನೀರು ದಿನಾ ಬದಲಾಯಿಸಿ. ಮೂರ್ನಾಲ್ಕು ದಿನಕ್ಕೆ ಬೆಳ್ಳಗೆ ಬೇರು ಬರತ್ತೆ. ಬೆಳಿಗ್ಗೆ ಎಂಟೂವರೆ ಒಳಗೆ ತುದಿ ಕತ್ತರಿಸಿ, ಮೂರು ಪಾಲು ಆಲ್ಕೋಹಾಲ್ ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ಒಂದು ದಿನ ಇಡಬೇಕು. ಆಮೇಲೆ 1 ಎನ್ ತೀವ್ರತೆಯ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಬೆಚ್ಚಗೆ ಮಾಡಿದ್ರೆ ಸೆಲ್‌ಗಳ ಅಂಟು ಬಿಡತ್ತೆ, ಅಸಿಟೋಕಾರ್ಮಿನ್ ಬಣ್ಣ, ತೆಳು ಗಾಜಿನ ಕವರ್‌ಸ್ಲಿಪ್, ಮೇಲೆ ಬ್ಲಾಟಿಂಗ್ ಪೇಪರ್, ಹೆಬ್ಬೆಟ್ಟಲ್ಲಿ ಒತ್ತೋದು. ಜಾರಿಸ್ಬಾರದು, ನೇರ ಒತ್ತಬೇಕು. ಕೊನೇ ಎರಡು ಮಿಲಿಮೀಟರ್ ಮಾತ್ರ ನಮ್ದು, ಮಿಕ್ಕಿದ್ದು ಸಾಂಬಾರಿಗೆ.

ಹುಬ್ಬಳ್ಳಿ ಹುಡುಗಿ
ಮೇಷ್ಟ್ರೆ ಹೇಳೂದು ಸಸಾರ ಐತ್ರಿ. ನಾ ಬಿಎಸ್ಸಿ ಇದ್ದಾಗ ಮನ್ಯಾಗ ಮಾಡಾಕ ಹೋಗಿ 6,800 ಕೊಟ್ಟು ಮೈಕ್ರೋಸ್ಕೋಪ್ ತರಸಿದೆ, ಬಂದಿದ್ದ ನೋಡಿದ್ರ 40ಎಕ್ಸ್ ಲೆನ್ಸ್‌ನ್ಯಾಗ ಬೂಸ್ಟಿ ಹಿಡದಿತ್ತು, ವಾಪಸ್ ಕಳಸಾಕ ಕೊರಿಯರ್ 380 ನನ್ನ ಕೈಯಿಂದನ. ಮೇ ತಿಂಗಳದಾಗ ಈರುಳ್ಳಿ ಇಟ್ಟರ ಬೇರ ಬರೂದರಾಗ ಕೊಳೀತು, ಮನಿ ತುಂಬ ನಾತ, ಅವ್ವ ಲೋಟ ಸಮೇತ ಹಿತ್ತಲಕ್ಕ ಒಗದಳು. ಎರಡನೇ ಸರ್ತಿ ಹನ್ನೊಂದು ಕವರ್‌ಸ್ಲಿಪ್ ಒಡದೆ. ಮೂರನೇ ಸರ್ತಿ ಎಲ್ಲಾ ಇಂಟರ್‌ಫೇಸ, ಅಂದ್ರ ಡಿವಿಷನ್ ಇಲ್ಲದ ಹಂತ, ಬರೇ ದುಂಡದುಂಡ ಚುಕ್ಕಿ. ಐದನೇ ಸ್ಲೈಡಿನ್ಯಾಗ ಒಂದ ಒಂದು ಅನಾಫೇಸ್ ಕಂಡಿತ್ರಿ, ಕ್ರೋಮೋಸೋಮ್ ಬ್ಯಾರೆ ಆಗೂ ಹಂತ, ಎರಡ ಕಡೆ ಜಗ್ಗಿದಂಗ, ಬಾಚಣಕಿ ಹಲ್ಲ ಇದ್ದಂಗ, ಕೆಂಪಗ. ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ. ಆದ್ರ 5 ಸಾವಿರದಾಗ ಇದು ಆಗಂಗಿಲ್ರಿ ಅಣ್ಣಾರ.

ಈರುಳ್ಳಿ ಮೇಷ್ಟ್ರು
ಸೆಲ್ ಸೈಕಲ್‌ನಲ್ಲಿ ಹೆಚ್ಚಿನ ಕಾಲ ಇಂಟರ್‌ಫೇಸೇ ತಾಯಿ. ಮನುಷ್ಯನ ಸೆಲ್ಲಿಗೆ 24 ಗಂಟೆ ಅಂದ್ರೆ ಡಿವಿಷನ್ ಒಂದೇ ಗಂಟೆ. ನೀವು ಎಷ್ಟು ಗಂಟೆಗೆ ಕತ್ತರಿಸಿದ್ರಿ?

ಹುಬ್ಬಳ್ಳಿ ಹುಡುಗಿ
ಎದ್ದ ಮ್ಯಾಲ ಕತ್ತರಸೀನ್ರಿ.

ಎಕ್ಕದ ಮಿಡತೆ
ಎಲ್ರೂ ಮೈಟಾಸಿಸ್ಸಲ್ಲೇ ಸುತ್ತಾಡ್ತಿದೀರ, ಕಷ್ಟ ಇರೋದು ಮಿಯಾಸಿಸ್ಸಲ್ಲಿ. ಮೈಸೂರಲ್ಲಿ ಎಂಎಸ್ಸಿ ಮಾಡುವಾಗ ಅದನ್ನ ನೋಡೋಕೆ ಅಂತ ಎಕ್ಕದ ಗಿಡದ ಹಳದಿ ನೀಲಿ ಪಟ್ಟೆ ಮಿಡತೆ ಹಿಡಿಯೋಕೆ ಬೆಳಿಗ್ಗೆ ಆರಕ್ಕೆ ರಿಂಗ್ ರೋಡ್ ಪಕ್ಕ ಹೋಗ್ತಿದ್ವಿ, ಮರಿಗಳನ್ನ ಮುಟ್ಟಿದ್ರೆ ರಸ ಚಿಮ್ಮಿಸಿ ಅಂಗಿ ಹಾಳು. ಗಂಡಲ್ಲಿ 19 ಕ್ರೋಮೋಸೋಮ್, ಗಂಡು ಹೆಣ್ಣು ನಿರ್ಧರಿಸೋ ಕ್ರೋಮೋಸೋಮಲ್ಲಿ ವೈ ಅನ್ನೋದೇ ಇಲ್ಲ, ಎಕ್ಸ್ ಒಂಟಿ. 18 ಜೋಡಿಜೋಡಿಯಾಗಿ ನಿಂತಿರುತ್ತೆ, ಎಕ್ಸ್ ಮಾತ್ರ ಮದುವೆ ಮನೇಲಿ ಜೊತೆ ಇಲ್ಲದೆ ಬಂದೋರ ಥರ ಪಕ್ಕಕ್ಕೆ. ಕೊನೆಗೆ ಅರ್ಧ ವೀರ್ಯಾಣುಗೆ 9, ಅರ್ಧಕ್ಕೆ 10. ಇದನ್ನ ಕಣ್ಣಲ್ಲಿ ನೋಡಿದ್ಮೇಲೆ ಮಿಯಾಸಿಸ್ ಮರೆತ್ರೆ ಕೇಳಿ. ಕನಸಲ್ಲೂ ಎಣಿಸ್ತಿದ್ದೆ ನಾನು.

ಶಿರಸಿ ಭಟ್ರು
ಪಾಪದ ಹುಳ ಕೊಂದು ಕಲಿಯೋ ವಿದ್ಯೆ ನಮಗೆ ಬ್ಯಾಡ ಮಾರಾಯ್ರೆ. ಮಿಯಾಸಿಸ್ ನೋಡೋಕೆ ಈರುಳ್ಳಿ ಹೂವಿನ ಮೊಗ್ಗು ಸಾಕು, ಕೇಸರದ ತುದಿ ಒಡೆದು ನೋಡಿದ್ರೆ ಆಯ್ತು. ನಮ್ಮ ಕಾಲೇಜಲ್ಲಿ ಹಾಗೇ ಮಾಡಿದ್ದು.

ಎಕ್ಕದ ಮಿಡತೆ
ಸರಿಯಾದ ಮೊಗ್ಗು ಯಾವ್ದು ಅಂತ ಹುಡುಕೋಕೆ ಎಷ್ಟು ದಿನ ಹಿಡೀತು ಭಟ್ರೆ? ಸ್ವಲ್ಪ ದೊಡ್ಡದಾದ್ರೆ ಬರೀ ಪರಾಗ, ಸಣ್ಣದಾದ್ರೆ ಏನೂ ಶುರುವೇ ಆಗಿರಲ್ಲ. ಇನ್ನೊಂದು ವಿಷಯ, ನೀವು ಹಾಕಿದ ಕಾರ್ಮಿನ್ ಬಣ್ಣ ಎಲ್ಲಿಂದ ಬರತ್ತೆ ಗೊತ್ತಾ? ಕಳ್ಳಿ ಮೇಲೆ ಬದುಕೋ ಹುಳಾನ ಒಣಗಿಸಿ ತೆಗೆಯೋದು.

ಶಿರಸಿ ಭಟ್ರು
ಈ ವಿಷಯ ಇಷ್ಟು ವರ್ಷ ಯಾರೂ ಹೇಳಲೇ ಇಲ್ಲ. ಆದ್ರೂ ನಾನು ಕೈಯಾರೆ ಕೊಂದಿಲ್ಲ.

ಮಂಡ್ಯದಕ್ಕ
ಆಹಾ, ಎಂಥಾ ಲಾಜಿಕ್ಕು 😄

ಕನ್ನಡಿಗ ಕೋಶ
ಮೊದಲು ಈ ಇಂಗ್ಲಿಷ್ ಹುಚ್ಚು ಬಿಡಿ. ಕ್ರೋಮೋಸೋಮ್‌ಗೆ ವರ್ಣತಂತು ಅನ್ನೋ ಚೆಂದದ ಪದ ಇದೆ. ನಾನು ಎಸ್‌ಎಸ್‌ಎಲ್‌ಸೀಲಿ ಕನ್ನಡದಲ್ಲೇ ಬರೆದು ವಿಜ್ಞಾನಕ್ಕೆ 97 ತಗೊಂಡೋನು.

ಹುಬ್ಬಳ್ಳಿ ಹುಡುಗಿ
ಪಿಯುಸಿ ಒಳಗ ಎಷ್ಟ ಬಂತ್ರಿ?

ಕನ್ನಡಿಗ ಕೋಶ
ಅದು ಇಲ್ಲಿ ಅಪ್ರಸ್ತುತ.

ರಾಯಚೂರು ಲ್ಯಾಬ್
ಪದ ಹಿಡ್ಕೊಂಡು ಗುದ್ದಾಡ್ಬ್ಯಾಡ್ರಿ. ನಂದು ರಕ್ತದಿಂದ ಕ್ಯಾರಿಯೋಟೈಪ್, ಅಂದ್ರ ಕ್ರೋಮೋಸೋಮ್ ಎಣಿಸಿ ನೋಡೋ ಟೆಸ್ಟ್, ಮಾಡೋ ಕೆಲಸ. ಬಿಳಿ ರಕ್ತಕಣ ಬೆಳೆಸಿ ಕ್ರೋಮೋಸೋಮ್ ಜಗ್ಗೋ ಎಳೆಗಳು, ಅಂದ್ರ ಸ್ಪಿಂಡಲ್, ಕೆಡಿಸೋ ಔಷಧ ಹಾಕ್ತೀವಿ, ಬ್ಯಾರೆ ಆಗೋಕಿಂತ ಮುಂಚಿನ ಮೆಟಾಫೇಸ್ ಹಂತದಾಗ ಹಂಗೇ ನಿಲ್ತಾವು. ಆ ಜಾತಿ ಔಷಧ ಕಾಲ್ಚಿಸಿನ್, ಮಲೆನಾಡಿನ ಬೇಲಿ ಮ್ಯಾಲಿನ ಗೌರಿ ಹೂವಿನ ಗಡ್ಡೆಯಾಗೂ ಅದ ಐತಿ, ತಿಂದ್ರ ಜೀವಕ್ಕ ಸಂಚಕಾರ. ಒಮ್ಮೆ ಶುಕ್ರವಾರ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ಬಂದ್ ಬಿತ್ತು, 14 ಸ್ಯಾಂಪಲ್ ಹೋದ್ವು, ಎಲ್ಲಾರಿಗೂ ಫೋನ್ ಮಾಡಿ ಮತ್ತ ರಕ್ತ ಕೊಡ್ರಿ ಅಂತ ಕೇಳೂದು ನನ್ನ ಪಾಲಿಗೆ. ಕ್ರೋಮೋಸೋಮ್ ತಪ್ಪಿ ಮಕ್ಕಳು ಹುಟ್ಟೂದು ತಡವಾಗಿ ಬಸುರಾದ್ರ, ಹಿಂಗಾಗಿ ಬರ್ತಾವು ಸ್ಯಾಂಪಲ್ಲು.

ಸುಮ್ನೆ ಓದ್ತಿದ್ದೆ
ಇಷ್ಟೊತ್ತು ಸುಮ್ನೆ ಓದ್ತಿದ್ದೆ, ಇದಕ್ಕೆ ಮಾತಾಡ್ಲೇಬೇಕು. ನನ್ನ ಮಗ ಹುಟ್ಟಿದಾಗ ನಂಗೆ 24. ರಿಪೋರ್ಟಲ್ಲಿ 47, ಎಕ್ಸ್ ವೈ, ಪ್ಲಸ್ 21 ಅಂತಿತ್ತು, ಅಂದ್ರೆ 46ರ ಬದಲು 47, 21ನೇ ಕ್ರೋಮೋಸೋಮ್ ಒಂದು ಜಾಸ್ತಿ, ಡೌನ್ ಸಿಂಡ್ರೋಮ್. ಟೆಸ್ಟಿಗೆ 4,200, ಮೂರು ವಾರ ಕಾದ್ವಿ, ಆ ಮೂರು ವಾರ ನಮ್ಮತ್ತೆ ಹೇಳಿದ ಮಾತು ಇಲ್ಲಿ ಬರೆಯೋಕಾಗಲ್ಲ. ಗ್ರಹಣದಲ್ಲಿ ಆಚೆ ಬಂದಿದ್ಲು ಅಂತಾನೂ ಆಯ್ತು. ವಯಸ್ಸಾದ್ರೆ ಸಾಧ್ಯತೆ ಜಾಸ್ತಿ ಹೌದು, ಆದ್ರೆ ಚಿಕ್ಕ ವಯಸ್ಸಿನೋರಿಗೂ ಆಗತ್ತೆ. ಆಮೇಲೆ ನಾನೇ ಓದ್ಕೊಂಡೆ. ನನ್ನ ಅಂಡಾಣುಗಳು ಮಿಯಾಸಿಸ್ ಶುರು ಮಾಡಿದ್ದು ನಾನು ನಮ್ಮಮ್ಮನ ಹೊಟ್ಟೇಲಿದ್ದಾಗ. ಡಿಪ್ಲೋಟೀನಲ್ಲಿ ನಿಂತು ವರ್ಷಗಟ್ಟಲೆ ಕಾದು, ಅಂಡ ಬಿಡುಗಡೆ ಹೊತ್ತಿಗೆ ಮುಂದಕ್ಕೆ ಹೋಗತ್ತೆ, ಹೆಚ್ಚಾಗಿ ಆಗಲೇ ಒಂದು ಜೋಡಿ ಕ್ರೋಮೋಸೋಮ್ ಬೇರೆಯಾಗದೆ ಉಳಿಯೋದು ಅಷ್ಟೇ. ನಾನು ಏನು ತಿಂದೆ ಎಲ್ಲಿ ಓಡಾಡ್ದೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮಗೆಲ್ಲ ಅದು ಐದು ಮಾರ್ಕ್ಸ್ ಪ್ರಶ್ನೆ.

ರಾಯಚೂರು ಲ್ಯಾಬ್
ತಪ್ಪಾತ್ರಿ ಅಕ್ಕಾರ. ನಾ ಹಂಗ ಬರೀಬಾರದಿತ್ತು.

ಸುಮ್ನೆ ಓದ್ತಿದ್ದೆ
ಇರ್ಲಿ ಬಿಡಿ. ಮಗಂಗೆ ಈಗ 9, ನಮ್ಮತ್ತೆ ಜೊತೆ ಚೌಕಾಬಾರ ಆಡಿ ದಿನಾ ಗೆಲ್ತಾನೆ. ತಿಪಟೂರಿನ ಅಣ್ಣಂಗೆ ಯಾರೂ ಉತ್ರ ಹೇಳಿಲ್ವಲ್ಲ? ಅಣ್ಣ, ಅವಳಿ ಬಾಳೆಹಣ್ಣು ನೋಡಿರ್ತೀರಲ್ಲ, ಅಂಟಿರೋ ತನಕ ಒಂದೇ ಹಣ್ಣು ಅಂತ ಎಣಿಸ್ತೀವಿ. ಎಸ್ ಫೇಸ್ ಆದ್ಮೇಲೆ 16 ಅವಳಿ, ಸೆಂಟ್ರೋಮಿಯರ್ ಅನ್ನೋ ಜಾಗದಲ್ಲಿ ಅಂಟಿರೋದು. ಅನಾಫೇಸಲ್ಲಿ ಬಿಡಿಸ್ಕೊಂಡಾಗ ಒಂದು ಗಳಿಗೆ 32, ಆಮೇಲೆ ಸೆಲ್ ಎರಡಾಗಿ ಮತ್ತೆ ತಲಾ 16.

ಕನ್ನಡಿಗ ಕೋಶ
ಬಾಳೆಹಣ್ಣಿನ ಹೋಲಿಕೆ ವೈಜ್ಞಾನಿಕವಾಗಿ ಸರಿಯಿಲ್ಲ, ಅವಳಿ ಹಣ್ಣು ಒಂದು ಹಣ್ಣಿನ ನಕಲಲ್ಲ.

ಮಂಡ್ಯದಕ್ಕ
ನೀವು ಪಿಯುಸಿ ಮಾರ್ಕ್ಸ್ ಹೇಳಿ ಆಮೇಲೆ ಮಾತಾಡಿ.

ತಿಪಟೂರು ಅಪ್ಪ
ಎಲ್ರಿಗೂ ಥ್ಯಾಂಕ್ಸ್. ತಂಗಿ ಹೇಳಿದ ಮೇಲೆ ನಂಗೂ ಹೊಳೀತು, ಇದು ನಮ್ಮ ಮಂಡಿ ಲೆಕ್ಕಾನೇ. ಚೀಲ 16, ತೂಕ ಮಾತ್ರ ಡಬಲ್. ಎಣಿಕೆ ಬೇರೆ ತೂಕ ಬೇರೆ. ಮಗಳಿಗೆ ಹೇಳಿದ್ದಕ್ಕೆ ಓ ಅದಕ್ಕೇನಾ ಡಿಎನ್‌ಎ ಪ್ರಮಾಣ ಮಾತ್ರ ಟೂಸಿ ಇದ್ದದ್ದು ಫೋರ್‌ಸಿ ಅಂತ ಬರೆಯೋದು ಅಂದ್ಲು, ಅದೇನೋ ನಂಗೊತ್ತಿಲ್ಲ. ದುಡ್ಡು ಸದ್ಯಕ್ಕೆ ಹಂಗೇ ಇದೆ. ಲೋಟದ ಮೇಲೆ ಈರುಳ್ಳಿ ಇಟ್ಟು ಮೂರು ದಿನ ಆಯ್ತು, ಬೇರು ಬಂದಿದೆ, ಅವರ ಕಾಲೇಜಲ್ಲಿ ಮೈಕ್ರೋಸ್ಕೋಪ್ ಇದ್ಯಂತೆ. ಬಸ್ಸು ಎಂಟೂಕಾಲಕ್ಕೆ. ಅಷ್ಟರೊಳಗೆ ಕತ್ತರಿಸಿದ್ರೆ ನಡಿಯತ್ತಾ?

ಈರುಳ್ಳಿ ಮೇಷ್ಟ್ರು
ನಡಿಯತ್ತೆ, ಅದೇ ಸರಿಯಾದ ಹೊತ್ತು. ಆದ್ರೆ ಆ ಆಲ್ಕೋಹಾಲ್ ಆಸಿಡ್ ದ್ರಾವಣ ಕಾಲೇಜ್ ಲ್ಯಾಬಲ್ಲಿ ಮೊದಲೇ ಕೇಳಿ ಒಂದು ಸಣ್ಣ ಸೀಸೆಯಲ್ಲಿ ತಂದಿಟ್ಕೊಂಡಿರ್ಲಿ, ಕತ್ತರಿಸಿದ ತಕ್ಷಣ ಅದಕ್ಕೆ ಹಾಕ್ಬೇಕು, ನೀರಿಗಲ್ಲ.

ಎಕ್ಕದ ಮಿಡತೆ
ಎಂಟೂಕಾಲು ಬೇಗ ಆಯ್ತು ಸರ್. ನಮ್ಮ ಡಿಪಾರ್ಟ್‌ಮೆಂಟಲ್ಲಿ ಹತ್ತಕ್ಕೆ ಕತ್ತರಿಸ್ತಿದ್ವಿ.

ಈರುಳ್ಳಿ ಮೇಷ್ಟ್ರು
ನಿಮ್ಮ ಡಿಪಾರ್ಟ್‌ಮೆಂಟ್‌ನೋರು ಎದ್ದು ಬರ್ತಿದ್ದದ್ದೇ ಹತ್ತಕ್ಕೆ ಕಣ್ರೀ.