ಪದಚರ್ಚೆ: ಗಾಲ್ಫ್ ಚೆಂಡಿನ ‘ಕಂಪ್ರೆಷನ್’ ಅಂದರೆ ಒತ್ತಡವೇ? ಜೊತೆಗೆ ಪೀಸ್, ಕೋರ್, ಮ್ಯಾಂಟಲ್

ಪ್ರಶ್ನೆ

ಬಹುಪದರದ ಗಾಲ್ಫ್ ಚೆಂಡು ಹೇಗೆ ತಯಾರಾಗುತ್ತದೆ ಎಂಬ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಓದುವವರು ಬೆಂಗಳೂರಿನ ಪಾಲಿಮರ್ ಡಿಪ್ಲೊಮಾ ವಿದ್ಯಾರ್ಥಿಗಳು, ಇಲ್ಲಿನ ಕ್ಲಬ್‌ಗಳ ಕ್ಯಾಡಿಗಳು, ಹೊಸದಾಗಿ ಆಟ ಕಲಿಯುತ್ತಿರುವವರು. ಕರಡಿನಲ್ಲಿ ಒಂದು ಕಡೆ ಹೀಗಿದೆ: ‘ಮೂರು ತುಂಡಿನ ಚೆಂಡಿನ ಕೇಂದ್ರ ಮೆದು, ಕವಚ ಗಟ್ಟಿ, ಒತ್ತಡ 90.’ ಪೀಸ್, ಕೋರ್, ಮ್ಯಾಂಟಲ್, ಕಂಪ್ರೆಷನ್‌ಗೆ ಕ್ರಮವಾಗಿ ಹಾಕಿರುವ ತುಂಡು, ಕೇಂದ್ರ, ಕವಚ, ಒತ್ತಡ ನಾಲ್ಕೂ ಹೊಂದುತ್ತಿಲ್ಲ ಅನ್ನಿಸುತ್ತಿದೆ. ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳುವುದೋ, ಬೇರೆ ಕನ್ನಡ ಪದ ಇವೆಯೋ?

ಉತ್ತರ 1

ತುಂಡು, ಕೇಂದ್ರ, ಕವಚ ಒರಟಾಗಿವೆ ಅಷ್ಟೆ, ತಿದ್ದಬಹುದು. ‘ಒತ್ತಡ’ ಮಾತ್ರ ಓದುಗನಿಗೆ ತಪ್ಪು ವಿಜ್ಞಾನ ಹೇಳಿಕೊಡುತ್ತದೆ, ಹಾಗಾಗಿ ಅದನ್ನೇ ಮೊದಲು ಹಿಡಿಯುತ್ತೇನೆ.

ಒತ್ತಡ ಅಂದಕೂಡಲೇ ಟೆನಿಸ್ ಚೆಂಡೋ ಸೈಕಲ್ ಟ್ಯೂಬೋ ನೆನಪಾಗುತ್ತದೆ, ಒಳಗೆ ಗಾಳಿ ತುಂಬಿದೆ ಅನ್ನಿಸುತ್ತದೆ. ಇಂದಿನ ಗಾಲ್ಫ್ ಚೆಂಡಿನೊಳಗೆ ಗಾಳಿಗೆ ಜಾಗವೇ ಇಲ್ಲ, ಅದು ಪೂರ್ತಿ ಘನ. ಇಡೀ ಚೆಂಡನ್ನು ಯಂತ್ರದಲ್ಲಿಟ್ಟು ಅಮುಕಿದಾಗ ಅದು ಎಷ್ಟು ಕುಸಿಯುತ್ತದೆ ಅನ್ನುವುದಕ್ಕೆ ಕೊಡುವ ಅಂಕವೇ ಕಂಪ್ರೆಷನ್. ರೂಢಿಯಲ್ಲಿರುವ ಲೆಕ್ಕ ಹೀಗೆ: ಕುಸಿಯದೇ ಉಳಿದದ್ದಕ್ಕೆ 200 ಅಂಕ, ಇಂಚಿನ ಹತ್ತರಲ್ಲಿ ಎರಡು ಪಾಲು ಕುಸಿದದ್ದಕ್ಕೆ ಸೊನ್ನೆ, ನಡುವೆ ಇಂಚಿನ ಸಾವಿರದ ಒಂದು ಪಾಲಿಗೆ ಒಂದೊಂದು ಅಂಕ. ಆ ಲೆಕ್ಕದಲ್ಲಿ 90ರ ಚೆಂಡು ಸುಮಾರು 2.8 ಮಿ.ಮೀ. ಕುಸಿಯುತ್ತದೆ, 60ರದು ಸುಮಾರು 3.6 ಮಿ.ಮೀ. ಅಂದರೆ ‘ಕಂಪ್ರೆಷನ್ ಹೆಚ್ಚು’ ಅನ್ನುವ ಚೆಂಡು ಕಡಿಮೆ ಅಮುಕುತ್ತದೆ. ಇಂಗ್ಲಿಷಿನಲ್ಲೇ ಪದ ತಲೆಕೆಳಗಾಗಿದೆ. ಅದನ್ನು ಅಕ್ಷರಶಃ ‘ಅಮುಕುವಿಕೆ’ ಎಂದು ತಂದರೂ ಆ ಗೊಂದಲವನ್ನೇ ಹೊತ್ತು ತಂದಂತೆ. ‘ಸಂಕೋಚನ’ಕ್ಕೂ ಅದೇ ತೊಂದರೆ. ಮೇಲಾಗಿ ‘ಹೆಚ್ಚು ಸಂಕೋಚನದ ಚೆಂಡು’ ಅಂದರೆ ಅದು ನಾಚಿಕೊಂಡಿದೆಯೇನೋ ಅನ್ನಿಸುತ್ತದೆ.

ಅಂಕ ಏರಿದಂತೆ ಏರುವ ಗುಣವನ್ನು ಹೇಳುವ ಪದ ಬೇಕು. ‘ಬಿಗಿ’ ಸಾಕು. ‘ಈ ಚೆಂಡಿನ ಬಿಗಿ 90, ಅದರದು 60’ ಅಂದರೆ ಯಾವುದು ಹೆಚ್ಚು ಕುಸಿಯುತ್ತದೆ ಎಂದು ವಿವರಿಸಬೇಕಿಲ್ಲ. ಮೊದಲ ಬಾರಿ ಬರೆಯುವಾಗ ‘ಬಿಗಿ, ಅಂದರೆ ಕಂಪ್ರೆಷನ್ ಅಂಕ’ ಎಂದು ಹೇಳಿಬಿಡಿ. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ನೋಡುವವನಿಗೆ ಆ ಪದವೂ ಗೊತ್ತಿರಬೇಕು.

ಬಿಗಿಯನ್ನು ‘ಗಡಸು’ ಜೊತೆ ಮಾತ್ರ ಬೆರೆಸಬೇಡಿ. ಬಿಗಿ ಇಡೀ ಚೆಂಡಿನ ಗುಣ, ಅದನ್ನು ಬಹುಮಟ್ಟಿಗೆ ಒಳಗಿನ ರಬ್ಬರ್ ನಿರ್ಧರಿಸುತ್ತದೆ. ಗಡಸು ಒಂದೊಂದು ಪದರದ ಗುಣ, ಸೂಜಿಮೊನೆ ಒತ್ತಿ ಶೋರ್ ಡಿ ಮಾನದಲ್ಲಿ ಅಳೆಯುವಂಥದು. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗಬಲ್ಲವು. ಟೂರ್ (ವೃತ್ತಿಪರ ಪಂದ್ಯಸರಣಿ) ಆಟಗಾರರ ಚೆಂಡಿನ ಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಮೈ ಮೆತ್ತಗಿದ್ದರೂ ಬಿಗಿ 90ರ ಆಚೀಚೆ ಇರುತ್ತದೆ. ‘ಸಾಫ್ಟ್’ ಎಂದು ಮಾರುವ ಎಷ್ಟೋ ಅಗ್ಗದ ಚೆಂಡುಗಳ ಹೊದಿಕೆ ಅಯಾನೊಮರ್ ಎಂಬ ಗಡಸು ಪ್ಲಾಸ್ಟಿಕ್, ಬಿಗಿ 60ಕ್ಕೂ ಕೆಳಗೆ. ಕನ್ನಡದಲ್ಲಿ ಎರಡಕ್ಕೂ ‘ಮೃದು’ ಎಂದು ಬರೆದರೆ, ಮೃದು ಚೆಂಡು ಕೊಂಡರೆ ಗ್ರೀನ್‌ (ರಂಧ್ರದ ಸುತ್ತಲಿನ ನುಣುಪು ಹುಲ್ಲು) ಮೇಲೆ ಗಕ್ಕನೆ ನಿಲ್ಲುತ್ತದೆ ಎಂದು ಓದುಗ ನಂಬುತ್ತಾನೆ. ನಿಲ್ಲಿಸುವ ಸ್ಪಿನ್ ಬರುವುದು ಮೆತ್ತನೆ ಹೊದಿಕೆಯಿಂದ. ಹತ್ತಿರದ ಹೊಡೆತಕ್ಕೆ ಬಳಸುವ ಓರೆಮುಖದ ಕ್ಲಬ್ಬಾದ ವೆಜ್‌ನ ಗೀರುಗಳು ಆ ತೆಳು ಹೊದಿಕೆಯನ್ನು ಕೆಳಗಿನ ಗಡಸು ಪದರಕ್ಕೆ ಒತ್ತಿ ಹಿಡಿಯುತ್ತವೆ, ಆ ಹಿಡಿತದಿಂದ ಸ್ಪಿನ್. ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಹೊಡೆತದಲ್ಲಿ ಚೆಂಡು ಸಾಕಷ್ಟು ಚಪ್ಪಟೆಯಾಗಿ ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ ಕ್ಲಬ್‌ ಮುಖ ಬಿಡುತ್ತದೆ, ಅಲ್ಲಿ ಹೆಚ್ಚಿನ ಕೆಲಸ ಒಳಗಿನ ರಬ್ಬರಿನದು. ಒಂದೇ ಚೆಂಡಿಗೆ ಇಷ್ಟು ಪದರ ಕಟ್ಟುವುದಕ್ಕೆ ಕಾರಣವೇ ಇದು, ಎರಡು ಹೊಡೆತ ಕೇಳುವುದು ಎರಡು ಬೇರೆ ಚೆಂಡುಗಳನ್ನು. ಅಂದಹಾಗೆ ‘ಸ್ಪಿನ್’ ಹಾಗೇ ಇರಲಿ. ಕ್ರಿಕೆಟ್ ಅದನ್ನು ಎಂದೋ ಕನ್ನಡ ಮಾಡಿದೆ.

‘ಪೀಸ್’ಗೆ ತುಂಡು ಬೇಡ, ಏನೂ ತುಂಡಾಗಿಲ್ಲ. ‘ಪದರ’ ಅಂದರೂ ಎಣಿಕೆ ತಪ್ಪುತ್ತದೆ: ನಡುವಿನ ಉಂಡೆ ಪದರವಲ್ಲ, ಅದರ ಮೇಲೆ ಕೂತದ್ದು ಮಾತ್ರ ಪದರ. ‘ಮೂರು ಭಾಗದ ಚೆಂಡು, ಅದರಲ್ಲಿ ಪದರ ಎರಡು’ ಎಂದರೆ ಲೆಕ್ಕ ಸರಿಹೋಗುತ್ತದೆ. ಹಳೆಯ ಬರಹ ಅನುವಾದಿಸುವಾಗ ಇಲ್ಲೊಂದು ಬಲೆ ಇದೆ. 20ನೇ ಶತಮಾನದ ಬಹುಪಾಲು ‘ತ್ರೀ ಪೀಸ್’ ಅಂದರೆ ನಡುವೆ ಪುಟ್ಟ ಗುಂಡು, ಅದರ ಸುತ್ತ ಎಳೆದು ಸುತ್ತಿದ ರಬ್ಬರ್ ದಾರ, ಮೇಲೆ ಬಲಾಟ (ಮರದ ಹಾಲಿನಿಂದ ಬರುವ ರಬ್ಬರಿನಂಥ ಅಂಟು) ಹೊದಿಕೆ. ಕೋಬರ್ನ್ ಹ್ಯಾಸ್ಕೆಲ್ ಪೇಟೆಂಟ್ ಪಡೆದ (1899) ದಾರಸುತ್ತಿನ ಚೆಂಡಿನ ವಂಶ ಅದು. 2000ದಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಬಂದ ಮೇಲೆ ಆ ವಂಶ ಟೂರ್‌ನಿಂದ ಬೇಗನೇ ಮರೆಯಾಯಿತು. ಅದೂ ಮೂರು ಭಾಗದ್ದೇ, ಆದರೆ ದಾರವಿಲ್ಲದ್ದು. ಹಾಗಾಗಿ ಹಳೆಯದಕ್ಕೆ ‘ದಾರಸುತ್ತಿನ ಚೆಂಡು’ ಎಂದು ಬೇರೆಯಾಗಿಯೇ ಬರೆಯಿರಿ.

ಕೋರ್‌ಗೆ ‘ಕೇಂದ್ರ’ ಯಾಕೆ ಬೇಡವೆಂದರೆ ಕೇಂದ್ರ ಒಂದು ಬಿಂದು. ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಅದರೊಳಗೆ ಕೋರ್ 39 ಮಿ.ಮೀ. ಇದ್ದರೆ ಗಾತ್ರದಲ್ಲಿ ಮುಕ್ಕಾಲು ಪಾಲು ಅದೇ ಆಯಿತು. ‘ತಿರುಳು’ ಅನ್ನಿ. ಎರಡು ಹಂತದ ಕೋರ್ ಇದ್ದಲ್ಲಿ ಒಳತಿರುಳು, ಹೊರತಿರುಳು ಎಂದು ಸಲೀಸಾಗಿ ಒಡೆಯುತ್ತದೆ. ‘ಗೊರಟೆ’ಯೂ ಚಂದವೇ, ಆದರೆ ಗೊರಟೆ ಹಣ್ಣಿಗಿಂತ ಗಟ್ಟಿ ಅನ್ನುವ ನಂಟು ಬಿಡದು. ಇಲ್ಲಿ ನಡುಭಾಗವೇ ಎಷ್ಟೋ ಸಲ ಎಲ್ಲಕ್ಕಿಂತ ಮೆದು.

ಮ್ಯಾಂಟಲ್‌ಗೆ ‘ಕವಚ’ ಹಾಕಿದರೆ ಶಾಲೆಯ ಪಾಠ ಅಡ್ಡ ಬರುತ್ತದೆ. ಅಲ್ಲಿ ಭೂಕವಚ ಅಂದರೆ ಎಲ್ಲಕ್ಕೂ ಹೊರಗಿನದು, ಮ್ಯಾಂಟಲ್ ಅದರ ಕೆಳಗಿನದು. ‘ನಡುಪದರ’ ಬಳಸಿ. 2010ರ ಟೇಲರ್‌ಮೇಡ್ ಪೆಂಟಾದಂಥ ಐದು ಭಾಗದ ಚೆಂಡಿನಲ್ಲಿ ಮೂರು ನಡುಪದರ, ಒಂದು ಹೊದಿಕೆ ಎಂದು ಎಣಿಸಲೂ ಬರುತ್ತದೆ.

ಕರಡಿನ ವಾಕ್ಯ ಹೀಗಾಗಬಹುದು: ‘ಈ ಚೆಂಡಿಗೆ ಮೂರು ಭಾಗ. ತಿರುಳು ಮೆದು, ನಡುಪದರ ಗಡಸು, ಹೊದಿಕೆ ತೆಳುವು, ಒಟ್ಟು ಬಿಗಿ 90.’ ಮೂಲದಲ್ಲಿ ಹೊದಿಕೆಯ ಮಾತೇ ಬಿಟ್ಟುಹೋಗಿತ್ತು, ಗಮನಿಸಿ.

ಉತ್ತರ 2

ತಿರುಳು, ಬಿಗಿ ಎರಡೂ ಒಪ್ಪಿಗೆ. ನಾನು ರಬ್ಬರ್ ಮೋಲ್ಡಿಂಗ್ ಕಡೆಯಿಂದ ಬರೆಯುತ್ತಿದ್ದೇನೆ, ಕರಡಿನ ತಯಾರಿಕೆಯ ಭಾಗ ಸದ್ಯದಲ್ಲೇ ಮತ್ತೆ ಕಂಪ್ರೆಷನ್‌ಗೆ ಎಡವಲಿದೆ. ತಿರುಳನ್ನು ಮಾಡುವುದೇ ‘ಕಂಪ್ರೆಷನ್ ಮೋಲ್ಡಿಂಗ್’ನಿಂದ. ಇದಕ್ಕೂ ಚೆಂಡಿನ ಕಂಪ್ರೆಷನ್‌ಗೂ ಸಂಬಂಧವಿಲ್ಲ. ಇದನ್ನು ‘ಒತ್ತಚ್ಚು’ ಅನ್ನಿ, ‘ಬಿಗಿ’ಯಿಂದ ದೂರವಿರಲಿ.

ಪಾಕ ಹೀಗಿರುತ್ತದೆ: ಪಾಲಿಬ್ಯುಟಡೈಯೀನ್ ರಬ್ಬರ್ 100 ಪಾಲು ಇದ್ದರೆ ಸತು ಡೈಆಕ್ರಿಲೇಟ್ 20ರಿಂದ 40 ಪಾಲು, ಸತುವಿನ ಆಕ್ಸೈಡ್ ಕೆಲವು ಪಾಲು, ಪೆರಾಕ್ಸೈಡ್ ಒಂದು ಪಾಲಿನ ಆಸುಪಾಸು, ತೂಕ ಸರಿಹೊಂದಿಸಲು ಬೇರಿಯಂ ಸಲ್ಫೇಟ್. ಈ ಕೊನೆಯದಕ್ಕೆ ‘ಫಿಲ್ಲರ್’ ಎಂಬ ಹೆಸರಿದೆ, ‘ತುಂಬುಪುಡಿ’ ಅನ್ನಬಹುದು. ಆದರೆ ಕೆಲಸವಿಲ್ಲದೆ ಜಾಗ ತುಂಬುವ ಪುಡಿ ಎಂದು ತಿಳಿಯಬಾರದು: ಈ ರಬ್ಬರ್ ನೀರಿಗಿಂತ ಹಗುರ, ಪುಡಿ ಇಲ್ಲದಿದ್ದರೆ ಚೆಂಡು 45.93 ಗ್ರಾಂ ಹತ್ತಿರವೂ ಬರದು. ‘ಭಾರಪುಡಿ’ ಎಂದರೆ ಇನ್ನೂ ಸರಿ.

ಮಿಶ್ರಣವನ್ನು 160–170 ಡಿಗ್ರಿ ಸೆಲ್ಸಿಯಸ್‌ ಸುಮಾರಿನ ಅಚ್ಚಿನಲ್ಲಿ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯುತ್ತಾರೆ. ಕರಡು ಇದನ್ನು ‘ವಲ್ಕನೀಕರಣ’ (ಸಾಮಾನ್ಯವಾಗಿ ಗಂಧಕ ಬೆರೆಸಿ ರಬ್ಬರ್ ಗಟ್ಟಿಗೊಳಿಸುವುದು) ಎಂದರೆ ವಿದ್ಯಾರ್ಥಿ ಗಂಧಕ ಹುಡುಕುತ್ತಾನೆ. ಇಲ್ಲಿ ಗಂಧಕ ಇಲ್ಲ, ಪೆರಾಕ್ಸೈಡ್ ಒಡೆದು ಡೈಆಕ್ರಿಲೇಟ್ ಮೂಲಕ ರಬ್ಬರಿನ ಅಣುಸರಪಳಿಗಳನ್ನು ಹೆಣೆಯುತ್ತದೆ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಶೆಡ್‌ಗಳಲ್ಲಿ ‘ಕ್ಯೂರ್ ಆಗಿಲ್ಲ’ ಅನ್ನುವುದಕ್ಕೂ ‘ಬೆಂದಿಲ್ಲ’ ಅನ್ನುವುದಕ್ಕೂ ವ್ಯತ್ಯಾಸವಿಲ್ಲ. ‘ಬೇಯುವುದು’ ಎಂದೇ ಬರೆಯಿರಿ. ಬೇಯುವಾಗ ಕ್ರಿಯೆಯೇ ಶಾಖ ಬಿಡುತ್ತದೆ, ಉಂಡೆಯ ನಡುಭಾಗ ಅಚ್ಚಿಗಿಂತ ಬಿಸಿಯಾಗುತ್ತದೆ. ಹೊರಗೂ ಒಳಗೂ ಗಡಸು ಬೇರೆಯಾಗುವುದು ಹೀಗೆ. ತಯಾರಕರು ಇದನ್ನು ತಡೆಯುವುದಿಲ್ಲ, ತಾಪ ಮತ್ತು ಹೊತ್ತನ್ನು ಹೊಂದಿಸಿ ಬೇಕಾದಷ್ಟು ತಂದುಕೊಳ್ಳುತ್ತಾರೆ. ಅರೆಬೆಂದ ತಿರುಳು ಮೆತ್ತಗಾಗಿ ಪುಟಿತ ಕಳೆದುಕೊಳ್ಳುತ್ತದೆ.

ನಡುಪದರ ಅಯಾನೊಮರ್, ಸುಮಾರು ಒಂದು ಮಿ.ಮೀ. ದಪ್ಪ. ಕರಗಿಸಿ ಅಚ್ಚಿಗೆ ತಳ್ಳುವ ಈ ಕ್ರಮವನ್ನು ಎಲ್ಲರೂ ಇಂಜೆಕ್ಷನ್ ಅನ್ನುತ್ತಾರೆ, ಬೇರೆ ಪದ ಬೇಕಿಲ್ಲ. ಅಚ್ಚಿನೊಳಗೆ ತಿರುಳನ್ನು ಪಿನ್‌ಗಳು ಎತ್ತಿ ಹಿಡಿದಿರುತ್ತವೆ, ಪ್ಲಾಸ್ಟಿಕ್ ಸುತ್ತುವರಿದ ಮೇಲೆ ಹಿಂದೆ ಸರಿಯುತ್ತವೆ. ಸರಿಯುವ ಹೊತ್ತು ತಪ್ಪಿದರೆ ತಿರುಳು ಒಂದು ಕಡೆ ವಾಲಿ, ಪದರ ಒಂದು ಬದಿ ದಪ್ಪ ಒಂದು ಬದಿ ತೆಳು. ಇಂಥದಕ್ಕೆ ‘ನಡು ತಪ್ಪಿದ ಚೆಂಡು’ ಅನ್ನಿ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೀಟರ್ ನೀರಿಗೆ 300 ಗ್ರಾಂ ಅಡುಗೆ ಉಪ್ಪು ಪೂರ್ತಿ ಕರಗಿಸಿ ಚೆಂಡು ಬಿಡಿ, ತೇಲುತ್ತದೆ (ಸಾದಾ ನೀರಿನಲ್ಲಿ ಮುಳುಗುತ್ತದೆ, ಚೆಂಡಿನ ಸಾಂದ್ರತೆ ಸುಮಾರು 1.13). ಮೇಲೆದ್ದ ತುದಿಗೆ ಪೆನ್ನಿನಿಂದ ಗುರುತಿಟ್ಟು ಚೆಂಡನ್ನು ಹೊರಳಿಸಿ. ಪ್ರತಿ ಸಲವೂ ಅದೇ ಗುರುತು ಮೇಲೆ ಬಂದರೆ ಅದರ ಎದುರು ಬದಿ ಭಾರ.

ಹೊದಿಕೆಗೆ ಎರಡು ಕ್ರಮ ಇವೆ, ಕರಡು ಎರಡನ್ನೂ ‘ಅಚ್ಚು’ ಎಂದಿದೆ. ಥರ್ಮೋಪ್ಲಾಸ್ಟಿಕ್ (ಬಿಸಿಗೆ ಮತ್ತೆ ಕರಗುವ) ಯುರೆಥೇನ್ ಇಂಜೆಕ್ಷನ್‌ನಿಂದ. ಥರ್ಮೋಸೆಟ್ ಯುರೆಥೇನ್ ಆದರೆ ಎರಡು ದ್ರವ ಬೆರೆಸಿ ಅಚ್ಚಿನ ಅರ್ಧಗೋಳಗಳಿಗೆ ಸುರಿದು, ಗಟ್ಟಿಯಾಗತೊಡಗಿದಾಗ ಒಳಚೆಂಡನ್ನು ಕೂರಿಸಿ ಮುಚ್ಚುತ್ತಾರೆ. ಅದು ಅಚ್ಚುಕಟ್ಟಾಗಿ ಕನ್ನಡದ ‘ಎರಕ’. ಎರಕದ ಹೊದಿಕೆ ಒಂದು ಮಿ.ಮೀ.ಗೂ ತೆಳು ಇರಬಲ್ಲದು, ಮತ್ತೆ ಕರಗದು. ಅಯಾನೊಮರ್ ಮೇಲೆ ಯುರೆಥೇನ್ ತಾನಾಗಿ ಅಂಟುವುದಿಲ್ಲ, ಮೈಯನ್ನು ಉಜ್ಜಿಯೋ ಪ್ಲಾಸ್ಮಾ ಹಾಯಿಸಿಯೋ ಸಿದ್ಧ ಮಾಡಬೇಕು. ಅಲ್ಲಿ ಸೋತರೆ ಬರುವ ದೋಷಕ್ಕೆ ‘ಪದರ ಬಿಡುವುದು’ ಅನ್ನೋಣ.

ಡಿಂಪಲ್‌ಗೆ ‘ಕುಳಿ’ ಬರೆದಿದ್ದಾರೆ. ಕುಳಿ ಅಂದರೆ ತೆಂಗಿನ ಸಸಿ ನೆಡುವಷ್ಟು ಆಳ. ಇದು ಸುಮಾರು ಕಾಲು ಮಿ.ಮೀ., ‘ಗುಳಿ’ಯೇ ಸರಿ. ಸಾಮಾನ್ಯವಾಗಿ ಒಂದು ಚೆಂಡಿಗೆ 300ರಿಂದ 400. ಗುಳಿ ಮೈಗಂಟಿದ ಗಾಳಿಯನ್ನು ಕದಡುತ್ತದೆ, ಕದಡಿದ ಗಾಳಿ ಚೆಂಡಿನ ಬೆನ್ನಿನವರೆಗೂ ಅಂಟಿ ಸಾಗುತ್ತದೆ, ಹಿಂದಿನ ಸುಳಿ ಕಿರಿದಾಗಿ ಎಳೆತ ಸುಮಾರು ಅರ್ಧಕ್ಕಿಳಿಯುತ್ತದೆ. ‘ಗಾಳಿಯನ್ನು ಸೀಳುತ್ತದೆ’ ಎಂಬ ಕರಡಿನ ಮಾತು ತೆಗೆಯಿರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಕಡಲತೀರಕ್ಕಿಂತ ತೆಳು. ಎಳೆತವೂ ಕಡಿಮೆ, ಸ್ಪಿನ್ ಎತ್ತುವ ಬಲವೂ ಕಡಿಮೆ. ಮಂಗಳೂರಿನಲ್ಲಿ ಹೊಡೆದದ್ದಕ್ಕಿಂತ ಚೆಂಡು ಇಲ್ಲಿ ಒಂದಿಷ್ಟು ಮುಂದೆ ಬೀಳುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು: ದಪ್ಪ ಬಳಿದರೆ ಗುಳಿಯ ಅಂಚು ಮೊಂಡಾಗಿ ಹಾರಾಟವೇ ಬದಲಾಗುತ್ತದೆ. ಅದಕ್ಕೇ ಮರುಬಣ್ಣ ಬಳಿದು ಮಾರುವ ಹಳೆಯ ಚೆಂಡು ಹೊಸದರಂತೆ ಹಾರದು.

ಇನ್ನು ‘ಸ್ಕಫ್’. ವೆಜ್‌ನ ಗೀರು ಯುರೆಥೇನನ್ನು ಎಬ್ಬಿಸಿ ನಾರುನಾರಾಗಿಸುವುದಕ್ಕೆ ‘ಸವೆತ’ ಎಂದಿದೆ ಕರಡು. ಸವೆತ ನಿಧಾನದ್ದು, ಇದು ಒಂದೇ ಏಟಿಗೆ ಆಗುವಂಥದು. ಮಂಡಿ ತರಚುತ್ತದಲ್ಲ, ಆ ‘ತರಚು’ ಇಲ್ಲಿಗೆ ಹೊಂದುತ್ತದೆ. ಬಲಾಟ ಕಾಲದಲ್ಲಿ ಐರನ್ ಕ್ಲಬ್ಬಿನ ಅಂಚು ತಾಗಿ ಹೊದಿಕೆ ಬಾಯಿ ಬಿಡುತ್ತಿದ್ದುದು ಬೇರೆ, ಅದು ‘ಸೀಳು’. ತರಚಿದ ಚೆಂಡಿನಲ್ಲಿ ಆಡಬಹುದು, ಸೀಳಿದ್ದನ್ನು ನಿಯಮದ ಪ್ರಕಾರ ಬದಲಿಸಬಹುದು, ಹಾಗಾಗಿ ಎರಡಕ್ಕೂ ಬೇರೆ ಪದ ಇರಲೇಬೇಕು. ‘ಸೀಳು’ಗಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ತಿಳಿಸಿ.